ಚಕ್ರದೊಳಗಿನ ಕೆರೆಮಣ್ಣು

ಮುಳಬಾಗಿಲಿನಿಂದ ಹೊರಟ, ಪೆಟ್ರೋಲಿನ ಬದಲು ಇದ್ದಿಲಿನ ಅನಿಲದಿಂದ ಓಡುವ ನಮ್ಮ ಬಸ್ಸು ಮೆಲ್ಲಗೆ ಹೋದರೆ ಸುಮ್ಮನಿರುತ್ತಿತ್ತು. ವೇಗ ಏರಿತೆಂದರೆ ಸ್ಟಿಯರಿಂಗ್ ಗಡಗಡ ನಡುಗುತ್ತಿತ್ತು. ಡ್ರೈವರ್ ಮುನಿಯಪ್ಪ ವೇಗ ತಗ್ಗಿಸಿದ. ನನ್ನ ಪಕ್ಕದಲ್ಲಿದ್ದ ಕಲಾಯಿ ಕೆಲಸದ ಬಾಷಾ ಸಾಹೇಬರು ಕಂಗಾಲಾದರು. ಅವರ ತಾಯಿ ಬೆಳಗಿನ ಜಾವ ಕೋಲಾರದಲ್ಲಿ ತೀರಿಕೊಂಡಿದ್ದರು. ಮಧ್ಯಾಹ್ನದ ನಮಾಜು ಮುಗಿದೊಡನೆ ಮಣ್ಣು ಮಾಡುವವರಿದ್ದರು.

"ಜೋರಾಗಿ ಹೊಡಿ, ಮುನಿಯಪ್ಪಣ್ಣ."

"ಚಕ್ರ ಕಳಚಿದ್ರೆ ನಮ್ಮೆಲ್ರನ್ನೂ ಹೂಳ್ಬೇಕಾಗ್ತದೆ ಸಾಬ್ರೇ," ಎಂದವನು ನಾಲಗೆ ಕಚ್ಚಿಕೊಂಡು ಬಸ್ಸು ನಿಲ್ಲಿಸಿದ.

ನಟ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ ಕೈಯಿಂದ ತಿರುಗಿಸಿದ. ಎಷ್ಟು ಸಲ ತಿರುಗಿಸಿದರೂ ಅದರ ಒಂದೇ ಭಾಗ ಕೆಳಗೆ ಬಂದು ನಿಲ್ಲುವುದನ್ನು ಸಾಹೇಬರು ಕಂಡರು.

"ಅಲ್ಲೇ ಭಾರ ಐತೆ ಕಣಣ್ಣ," ಎಂದು ಚಕ್ರದ ಒಳಮೈಗೆ ಕೈ ತೂರಿಸಿದರು. ಹಿಂದಿನ ದಿನ ದೇವರಾಯಸಮುದ್ರದ ಕೆರೆಯಂಚಿನಲ್ಲಿ ಬಸ್ಸು ಹೂತಾಗ ಮೆತ್ತಿದ್ದ ಜೇಡಿಮಣ್ಣು ಒಂದೇ ಕಡೆ ಕಲ್ಲಿನಂತೆ ಒಣಗಿ ಕೂತಿತ್ತು. ಮುನಿಯಪ್ಪ ಸ್ಪಾನರು ಹುಡುಕುವಷ್ಟರಲ್ಲಿ ಸಾಹೇಬರು ಉಗುರಿನಿಂದಲೇ ಅರ್ಧ ಕೆರೆದಿದ್ದರು.

ಕೆಲಸ ಮುಗಿದಾಗ ಮುನಿಯಪ್ಪ ಚೊಂಬಿನಲ್ಲಿ ನೀರು ತಂದ. "ಕೈ ತೊಳ್ಕೊಳ್ಳಿ ಸಾಬ್ರೇ."

"ಮಸೀದಿಲಿ ತೊಳ್ಕೊಂತೀನಿ ಬಿಡಣ್ಣ. ಅಮ್ಮಂಗೆ ಮೂರು ಹಿಡಿ ಮಣ್ಣು ಹಾಕೋದು ಬಾಕಿ ಐತೆ. ನಡಿ."

ಬಸ್ಸು ಅದುರದೆ ಓಡಿತು. ಕೋಲಾರದ ಬೆಟ್ಟ ಕಾಣಿಸಿದಾಗ ಬಿಸಿಲಿನ್ನೂ ನೆತ್ತಿಗೆ ಬಂದಿರಲಿಲ್ಲ.