ಮುಯ್ಯಾಳಿನ ಯುಗಾದಿ

ಈ ಸೀಮೆಗೆ ಬಂದ ಹೊಸದರಲ್ಲಿ ನನ್ನ ಬಸ್ಸಿಗೆ ಹುಳ ಹತ್ತಿದವು. ಸುಳ್ಳಲ್ಲ. ಕನಕಪುರದಿಂದ ಸಾತನೂರಿಗೆ ಹೋಗುವ ಬೆಳಗಿನ ಮೊದಲ ಬಸ್ಸು. ನಡುವಿನ ಸ್ಟಾಪಿನಲ್ಲಿ ಹೆಂಗಸೊಬ್ಬಳು ಪೇಪರು ಮುಚ್ಚಿದ ಅಗಲವಾದ ತಟ್ಟೆಯೊಂದನ್ನು ಎದೆಗವಚಿಕೊಂಡು ಹತ್ತಿದಳು. "ಒಳಗೇನೈತ್ರಿ? ಲಗೇಜ್ ಟಿಕೀಟು ಬೀಳ್ತದ ನೋಡ್ರಿ" ಎಂದೆ. ಆಕೆ ಪೇಪರು ಸರಿಸಿದಳು. ಎಳ್ಳಿನ ರಾಶಿಗೆ ಜೀವ ಬಂದಂತೆ ಸಾವಿರಾರು ಹುಳ ಮಿಸುಕುತ್ತಿದ್ದವು. ನಾನು ಕಂಡಕ್ಟರು ಎಂಬುದನ್ನೇ ಮರೆತು ಹಿಂದಿನ ಸೀಟಿಗೆ ಜಿಗಿದೆ.

"ಹೆದ್ರುಕಬ್ಯಾಡ ಕಣವ್ವ, ರೇಷ್ಮೆ ಮರಿ ಇವು. ಡ್ರೈವರಣ್ಣಂಗೆ ಒಸಿ ನಿಧಾನಕ್ಕೆ ಓಡ್ಸಕ್ಕೇಳು, ಕೂಸುಗಳಿಗೆ ಕುಲುಕಾಟ ಆಗಾಕಿಲ್ಲ" ಎಂದಳು. ಬಸ್ಸು ಗರ್ಭಿಣಿಯನ್ನು ಕೂರಿಸಿಕೊಂಡಂತೆ ಮೆಲ್ಲಗೆ ಹೋಯಿತು. ಯಾರೂ ತಡವಾಯಿತೆಂದು ಗೊಣಗಲಿಲ್ಲ. ಇಂಡಿ ತಾಲ್ಲೂಕಿನ ನಮ್ಮೂರಿನಲ್ಲಿ ಮನುಷ್ಯರ ಕೂಸಿಗಾಗಿಯೂ ಯಾವ ಡ್ರೈವರನೂ ಇಷ್ಟು ನಿಧಾನ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಆ ಹೆಂಗಸು ಚಿಕ್ಕತಾಯಮ್ಮ. ಈಗ ನನ್ನ ಮನೆಯೊಡತಿ. ಸಾತನೂರಿನ ಪಕ್ಕದ ಹಳ್ಳಿಯಲ್ಲಿ ಅವಳದು ಎರಡು ಹಸು, ಒಂದಿಷ್ಟು ಹಿಪ್ಪುನೇರಳೆ ತೋಟ, ಹಿತ್ತಲಿನಲ್ಲಿ ಹುಳದ ಮನೆ. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಹುಡುಕುವುದೆಂದರೆ ಎಲ್ಲಿಯಾದರೂ ಕಷ್ಟವೇ. ಪೇಟೆಯ ಮನೆಗಳವರು ಗಂಡ ಎಲ್ಲಿ, ಯಾವ ಜನ, ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ ಎಂದೆಲ್ಲ ಕೇಳಿದರು. ಚಿಕ್ಕತಾಯಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸೆಂಟು ಗಿಂಟು ಹಾಕ್ಕತೀಯಾ? ಹುಳಕ್ಕೆ ಆಗಾಕಿಲ್ಲ." ಹಾಕುವುದಿಲ್ಲವೆಂದೆ. ಬೀಗದ ಕೈ ಕೊಟ್ಟಳು.

ನಿಮಗೆ, ಅಂದರೆ ನಮ್ಮೂರಿನವರಿಗೆ, ಇಲ್ಲಿಯ ಊಟದ ಕತೆ ಹೇಳಲೇಬೇಕು. ಇಲ್ಲಿ ರಾಗಿಮುದ್ದೆಯನ್ನು ಅಗಿಯುವವರನ್ನು ಕಂಡರೆ ಮಕ್ಕಳೂ ನಗುತ್ತಾರೆ. ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ನಾನು ಅಗಿದು ಅಗಿದು ನಗೆಪಾಟಲಾದೆ. ನನ್ನ ಸರದಿಯೂ ಬಂತೆನ್ನಿ. ಮೊದಲ ಸಲ ಜೋಳದ ರೊಟ್ಟಿ ಬಡಿದ ದಿನ ಪಕ್ಕದ ಮನೆಯ ಕೆಂಪಮ್ಮ ಓಡಿಬಂದು, "ಏನವ್ವ, ಒಬ್ಳೇ ಇದ್ಕಂಡು ಯಾರ್ಗೆ ಹೊಡೀತಿದ್ದೀ?" ಎಂದಳು. ಬಿಸಿ ರೊಟ್ಟಿಗೆ ಗುರೆಳ್ಳು ಚಟ್ನಿ ಹಾಕಿ ಕೊಟ್ಟೆ. ಅಂದಿನಿಂದ ರೊಟ್ಟಿಯ ಸಪ್ಪಳ ಕೇಳಿದರೆ ಸಾಕು, ಕೆಂಪಮ್ಮನಿಗೆ ನಮ್ಮ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ.

ಆದರೆ ನಗುತ್ತ ಉಂಡು ಬಾಗಿಲು ಹಾಕಿಕೊಂಡರೆ ಮನೆ ಖಾಲಿ. ಗಂಡ ತೀರಿಕೊಂಡಾಗ ನನ್ನ ಮಗಳು ನೀಲಾಳಿಗೆ ಎರಡು ವರ್ಷ. ಮೂರು ವರ್ಷದ ಹಿಂದೆ ಈ ಕೆಲಸ ಸಿಕ್ಕು ಇಷ್ಟು ದೂರ ಬರುವಾಗ ಅವಳನ್ನು ನಮ್ಮವ್ವನ ಮಡಿಲಿಗೆ ಹಾಕಿ ಬಂದಿದ್ದೆ. ಅಣ್ಣ, ಅತ್ತಿಗೆ, ಅವರ ಮಕ್ಕಳು ತುಂಬಿದ ಮನೆ. ಅವಳಿಗೆ ಅಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ನನಗೇ ಇತ್ತು. ಅವಳಿಗೆ ಎಂಟು ತುಂಬಿದ ಮೇಲೆ ಈ ವರ್ಷ ಧೈರ್ಯ ಮಾಡಿ ಅವ್ವನನ್ನು ಕೇಳಿದೆ: ಮಗಳನ್ನು ನನ್ನ ಹತ್ತಿರ ಇಟ್ಟುಕೊಳ್ಳಲೇ? ಅವ್ವ ಹೇಳಿದಳು, "ಒಂದ್ ತಿಂಗಳು ಕಳಸ್ತೀನಿ. ಅಕಿಗೆ ಸೇರಿದ್ರ ಅಲ್ಲೇ ಸಾಲಿಗೆ ಹಾಕು. ಸೇರಲಿಲ್ಲಂದ್ರ ಅಣ್ಣ ಬಂದು ಕರ್ಕೊಂಡು ಬರ್ತಾನ. ಒತ್ತಾಯ ಮಾಡಬ್ಯಾಡ."

ಪರೀಕ್ಷೆ ಮುಗಿದ ಮರುದಿನವೇ ಅಣ್ಣ ನೀಲಾಳನ್ನು ತಂದು ಬಿಟ್ಟು ಹೋದ. ಹೋಳಿಯ ಬಣ್ಣ ಕಿವಿಯ ಹಿಂದೆ ಇನ್ನೂ ಉಳಿದಿತ್ತು. ಬಂದವಳೇ, "ಇಲ್ಲಿ ಹಲಗಿ ಬಾರಸೂದಿಲ್ಲೇನು?" ಎಂದಳು. ಇಲ್ಲ, ಈ ಹಳ್ಳಿಯಲ್ಲಿ ಹೋಳಿ ಅಷ್ಟಾಗಿ ಆಡುವುದಿಲ್ಲ ಎಂದೆ. "ಮತ್ತ ಇವ್ರು ಏನ್ ಮಾಡ್ತಾರ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ಕೆಲಸವೆಂದುಕೊಂಡೆ. ಬೇಸಿಗೆಯಲ್ಲಿ ಒಂದು ಮಗುವನ್ನು ಖುಷಿಪಡಿಸಲು ಈ ಸುತ್ತಿನ ತಾಲ್ಲೂಕುಗಳಲ್ಲಿ ಏನೇನಿದೆಯೋ ಎಲ್ಲವನ್ನೂ ತೋರಿಸಿಬಿಡಬೇಕು. ಕಂಡಕ್ಟರಿಗೆ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲವಲ್ಲ.

ವಾರದ ರಜೆಗೆ ಚನ್ನಪಟ್ಟಣಕ್ಕೆ ಹೋದೆವು. ಅರಗಿನ ಬಣ್ಣ ಹಚ್ಚಿದ ಮರದ ಬೊಂಬೆಗಳನ್ನು ನೋಡಿದಳು, ಬುಗುರಿ ತಿರುಗಿಸಿದಳು. ಏನು ಬೇಕೆಂದು ಕೇಳಿದರೆ ಕೆಂಪು ಎಲೆಯಡಿಕೆ ಡಬ್ಬಿಯೊಂದನ್ನು ಹಿಡಿದುಕೊಂಡು, "ಇದು ಆಯಿಗೆ" ಎಂದಳು. ನಮ್ಮ ಕಡೆ ಮಕ್ಕಳು ಅಜ್ಜಿಯನ್ನು ಆಯಿ ಎನ್ನುತ್ತಾರೆಂದು ಅಂಗಡಿಯವನಿಗೆ ವಿವರಿಸುತ್ತ ನನ್ನ ಹೊಟ್ಟೆಯಲ್ಲಿ ಕಿಚ್ಚು ಎದ್ದದ್ದು ನಿಜ. ನಮ್ಮವ್ವನ ಮೇಲೆಯೇ ಹೊಟ್ಟೆಕಿಚ್ಚು. ಇನ್ನೊಂದು ದಿನ ಡ್ಯೂಟಿ ಬದಲಿಸಿಕೊಂಡು ರಾಮನಗರದ ಬೆಟ್ಟಕ್ಕೆ ಕರೆದೊಯ್ದೆ. ಎರೆಹೊಲದ ಮಗು, ಸಮತಟ್ಟು ಬಿಟ್ಟರೆ ಬೇರೇನೂ ಕಂಡವಳಲ್ಲ. ಆ ಬಂಡೆಗಳನ್ನು ಕತ್ತೆತ್ತಿ ನೋಡಿ, "ಇಷ್ಟು ಕಲ್ಲಿದ್ರ ಜ್ವಾಳ ಎಲ್ಲಿ ಬಿತ್ತತಾರ?" ಎಂದಳು. ಅರ್ಧ ಮೆಟ್ಟಿಲಿಗೆ ಕುಳಿತುಬಿಟ್ಟಳು. ಮರಳುವಾಗ ಬಸ್ಸಿನಲ್ಲಿ ಮೆತ್ತಗೆ ಕೇಳಿದಳು: "ಮಾಮಾ ಎಂದ ಬರ್ತಾನ?"

ಅವಳಿಗೆ ಸೇರಿದ್ದೆಲ್ಲ ನಾನು ತೋರಿಸದೆ ಇದ್ದದ್ದು. ನಾನು ಡ್ಯೂಟಿಗೆ ಹೋದಾಗ ಚಿಕ್ಕತಾಯಮ್ಮನ ಹಿಂದೆ ತೋಟಕ್ಕೆ ಹೋಗಿ, ಬದುವಿನ ಮೇಲೆ ಕಡಿಯದೆ ಬಿಟ್ಟ ಹಿಪ್ಪುನೇರಳೆ ಗಿಡಗಳ ಕಪ್ಪು ಹಣ್ಣು ತಿಂದು ಬಾಯಿ, ಲಂಗ ಎಲ್ಲ ನೇರಳೆ ಮಾಡಿಕೊಂಡು ಬರುತ್ತಿದ್ದಳು. ಕೆಂಪಮ್ಮನ ಜಗಲಿಯಲ್ಲಿ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ಬೇರೆ ಮಾಡುತ್ತಿದ್ದಳು. ಬೀಜ ಅವಳಿಗೆ, ಹಣ್ಣು ಕೆಂಪಮ್ಮನಿಗೆ. ಹೊಂಗೆಯ ಹೂವು ಅರಳಿನಂತೆ ಉದುರಿದ ನೆರಳಿನಲ್ಲಿ ಆ ಬೀಜಗಳನ್ನಿಟ್ಟುಕೊಂಡು ಕವಡೆಯಂತೆ ಆಡುತ್ತಿದ್ದಳು. ಆದರೂ ಸಂಜೆಯಾದರೆ ಆಯಿಗೆ ಫೋನು ಮಾಡಬೇಕು, ಮಾಮಾ ಬರುವ ದಿನ ಕೇಳಬೇಕು.

ಇನ್ನು ಉಳಿದದ್ದು ಯುಗಾದಿ. ಹಬ್ಬದ ದಿನ ನಮಗೆ ರಜೆ ಸಿಗುವುದೆಂದರೆ ಹುಲಿಯ ಹಾಲು ತಂದಂತೆ. ಡಿಪೋದಲ್ಲಿ ಕಾಡಿ ಬೇಡಿ ಎರಡು ದಿನದ ರಜೆ ಪಡೆದೆ. ಯುಗಾದಿಯ ದಿನ ಎರಡು ಹೊಳೆ ಕೂಡುವ ಸಂಗಮಕ್ಕೆ ಹೋಗೋಣ, ಹರಿಗೋಲಿನಲ್ಲಿ ಕೂರೋಣ ಎಂದು ನೀಲಾಳಿಗೆ ಮಾತು ಕೊಟ್ಟೆ. ಹರಿಗೋಲೆಂದರೆ ನೀರಿನ ಮೇಲೆ ತೇಲುವ ದೊಡ್ಡ ಬುಟ್ಟಿ ಎಂದೆ. ಅವಳ ಕಣ್ಣರಳಿದವು. ಇದೇ ನನ್ನ ಕೊನೆಯ ಭರವಸೆಯಾಗಿತ್ತು. ಇಷ್ಟಕ್ಕೂ ಒಲಿಯದಿದ್ದರೆ ಅಣ್ಣನಿಗೆ ಬಾ ಎಂದುಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಹಬ್ಬದ ಬೆಳಗ್ಗೆ ಎಣ್ಣೆಸ್ನಾನ ಮಾಡಿಸಿ, ಹೊಸ ಲಂಗ ತೊಡಿಸಿ, ಹೊರಡಲು ಹೊರಗೆ ಬಂದರೆ ಚಿಕ್ಕತಾಯಮ್ಮ ಹುಳದ ಮನೆಯ ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು.

"ಹಣ್ಣಾಗ್ಬುಟ್ಟವೆ ಕಣವ್ವ. ನಾಳಿಕ್ಕೆ ಅನ್ಕಂಡಿದ್ದೆ. ಬಿಸ್ಲು ಜಾಸ್ತಿ ಆಯ್ತಲ್ಲ, ಇವತ್ತೇ ಹಣ್ಣಾಗವೆ."

ರೇಷ್ಮೆ ಹುಳ ಹಣ್ಣಾಗುವುದೆಂದರೆ ಗೂಡು ಕಟ್ಟಲು ಸಿದ್ಧವಾಗುವುದು. ಆಗ ಅವು ಸೊಪ್ಪು ಮುಟ್ಟುವುದಿಲ್ಲ. ಒಂದೊಂದನ್ನೂ ಕೈಯಲ್ಲಿ ಆಯ್ದು ಚಂದ್ರಂಕಿಗೆ, ಅಂದರೆ ಸುರುಳಿ ಸುತ್ತಿದ ಬಿದಿರಿನ ಅಗಲವಾದ ತಟ್ಟಿಗೆ, ಬಿಡಬೇಕು. ತಡವಾದರೆ ಕಂಡಲ್ಲಿ ನೂಲು ಬಿಟ್ಟು ಬೆಳೆಯೇ ಹಾಳು. "ನೀವ್ ಹೋಗ್ಬುಟ್ ಬನ್ನಿ, ಕೂಸು ಆಸೆ ಇಟ್ಕಂಡೈತೆ" ಎಂದಳು ಚಿಕ್ಕತಾಯಮ್ಮ. ನಾನು ಗಡಿಯಾರವನ್ನೂ ಚಿಕ್ಕತಾಯಮ್ಮನ ಮುಖವನ್ನೂ ನೋಡುತ್ತ ನಿಂತೆ. ಅಷ್ಟರಲ್ಲಿ ಕೆಂಪಮ್ಮ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಕುರಿ ಸಾಕುವ ಬೀರಣ್ಣ ಹೆಂಡತಿಯೊಡನೆ ಬಂದ. ಹಿಂದೆಯೇ ಬೀದಿಯ ಇನ್ನೂ ಕೆಲವರು ಬಂದರು. ಒಲೆಯ ಮೇಲಿನ ಒಬ್ಬಟ್ಟನ್ನು ಅಲ್ಲಿಗೇ ಬಿಟ್ಟು ಬಂದಿದ್ದರು. ಎಲ್ಲರೂ ಕೈಕಾಲು ತೊಳೆದು ಒಳಗೆ ಹೋದರು.

"ಹಬ್ಬದ ದಿನ ಇವ್ರು ಯಾಕ ಬಂದ್ರು?" ನೀಲಾ ಕೇಳಿದಳು.

"ಮುಯ್ಯಾಳು ಕಣ್ ಮಗ" ಎಂದ ಬೀರಣ್ಣ. "ಇವತ್ತು ನಿಮ್ ಕೆಲ್ಸಕ್ಕೆ ನಾವ್ ಬತ್ತೀವಿ, ನಾಳೆ ನಮ್ ಕೆಲ್ಸಕ್ಕೆ ನೀವ್ ಬರ್ಬೇಕು. ಕೂಲಿ ಗೀಲಿ ಏನಿಲ್ಲ."

ನೀಲಾ ಬಾಗಿಲಲ್ಲಿ ನಿಂತು ಇಣುಕಿದಳು. ನಾನು ಮಾತು ಕೊಟ್ಟವಳು. "ಹರಿಗೋಲು..." ಎಂದು ತೊದಲಿದೆ. ಅವಳು ನನ್ನತ್ತ ತಿರುಗಲೇ ಇಲ್ಲ. ಹೊಸ ಲಂಗವನ್ನು ಮಡಚಿ ಸಿಕ್ಕಿಸಿಕೊಂಡು, ಬಚ್ಚಲಿಗೆ ಓಡಿ ಸೋಪು ಹಚ್ಚಿ ಕೈಯ ಎಣ್ಣೆ ತೊಳೆದುಕೊಂಡು ಬಂದು ಚಿಕ್ಕತಾಯಮ್ಮನ ಪಕ್ಕ ಕುಳಿತಳು.

ಹಣ್ಣಾದ ಹುಳವನ್ನು ಗುರುತಿಸುವುದನ್ನು ಚಿಕ್ಕತಾಯಮ್ಮನೇ ತೋರಿಸಿಕೊಟ್ಟಳು. ಬೆಳ್ಳಗಿದ್ದ ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂತಾಗುತ್ತದೆ. ತಲೆಯೆತ್ತಿ ಆ ಕಡೆ ಈ ಕಡೆ ಆಡಿಸುತ್ತ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಮೂರು ವರ್ಷದ ಹಿಂದೆ ಬಾಡಿಗೆ ಮನೆಗಾಗಿ ಬೀದಿ ಬೀದಿ ತಿರುಗಿದ ನನ್ನ ನೆನಪಾಯಿತು. ಮೊದಲ ಹುಳ ಅಂಗೈ ಮೇಲೆ ಹರಿದಾಗ ನೀಲಾ ಕಿಲಕಿಲನೆ ನಕ್ಕಳು. "ತಣ್ಣಗ ಐತಿ ಅವ್ವಾ" ಎಂದಳು. ಈ ಊರಿಗೆ ಬಂದ ಮೇಲೆ ಅವಳ ಆ ನಗೆ ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು, ಎದ್ದು ಒಳಗೆ ಹೋದೆ.

ಒಳಗೆ ಹೋದವಳು ಸುಮ್ಮನಿರಲಾರದೆ ಬೇವು ಮಾಡಿದೆ. ಇಲ್ಲಿ ಯುಗಾದಿಗೆ ಅಂಗೈಯಲ್ಲಿ ಒಂದಿಷ್ಟು ಬೇವು, ಒಂದು ಚೂರು ಬೆಲ್ಲ ಕೊಟ್ಟರೆ ಮುಗಿಯಿತು. ನಮ್ಮ ಬೇವು ಹಾಗಲ್ಲ, ನಿಮಗೆ ಗೊತ್ತು. ಹೊಸ ಮಣ್ಣಿನ ಗಡಿಗೆಯಲ್ಲಿ ಬೆಲ್ಲದ ನೀರು, ಹುಣಸೆಹುಳಿ, ಬೇವಿನ ಹೂವು, ಮಾವಿನಕಾಯಿಯ ಚೂರು, ಒಣದ್ರಾಕ್ಷಿ, ಇಲ್ಲಿಯವರು ಹುರಿಗಡಲೆ ಎನ್ನುವ ಪುಟಾಣಿಯ ಹಿಟ್ಟು. ಲೋಟ ಲೋಟ ಕುಡಿಯಬೇಕು. ಬಿಸಿಲಿನಲ್ಲಿ ಬೆವರಿದವರಿಗೆಲ್ಲ ಹಂಚಿದೆ. ಬೀರಣ್ಣ ಎರಡನೆಯ ಲೋಟಕ್ಕೆ ಕೈಚಾಚಿದ. ಚಿಕ್ಕತಾಯಮ್ಮ ಕುಡಿದು, "ಬೇವ್ಗೂ ಪಾನಕದ ವೇಸ ಹಾಕ್ಬುಟ್ರಲ್ಲವ್ವ ನೀವು" ಎಂದು ಇನ್ನೊಂದು ಲೋಟ ತುಂಬಿಸಿಕೊಂಡಳು. ಸಂಜೆಯ ಹೊತ್ತಿಗೆ ಚಂದ್ರಂಕಿಗಳೆಲ್ಲ ತುಂಬಿ, ಅಂಗಳದ ಗೋಡೆಗೆ ಸಾಲಾಗಿ ಒರಗಿದವು.

ಮರುದಿನ ಹೊಸತೊಡಕು. ಇಲ್ಲಿ ಅಂದು ಮನೆಮನೆಯಲ್ಲೂ ಬಾಡೂಟ. ಯುಗಾದಿಗಿಂತ ಅದೇ ದೊಡ್ಡ ಹಬ್ಬ. ನಾನು ಮಾಂಸ ತಿನ್ನದವಳೆಂದು ಕೆಂಪಮ್ಮ ಬೇರೆ ಪಾತ್ರೆಯಲ್ಲಿ ಕಾಳಿನ ಸಾರು ಮಾಡಿ ಕೊಟ್ಟು ಕಳಿಸಿದಳು. ಸಂಜೆ ಎಲ್ಲರೂ ಬಯಲಿಗೆ ಬಂದು ಪಡುವಣಕ್ಕೆ ಮುಖ ಮಾಡಿ ನಿಂತರು. ಹೊಸ ವರ್ಷದ ಚಂದ್ರನನ್ನು ನೋಡಿ, ಹಿರಿಯರ ಕಾಲಿಗೆ ಬೀಳುವುದು ಇಲ್ಲಿಯ ಪದ್ಧತಿ. ಎಳೆಯ ಚಂದ್ರ ಕಂಡ ಕೂಡಲೇ ನೀಲಾ ಮೊದಲು ಚಿಕ್ಕತಾಯಮ್ಮನ ಕಾಲಿಗೆ ಬಿದ್ದಳು. ಆಮೇಲೆ ಕೆಂಪಮ್ಮನ ಕಾಲಿಗೆ ಬಿದ್ದು ಎದ್ದು, "ನಿಮ್ಮ ಹುಳ ಎಂದ ಹಣ್ಣಾಗ್ತಾವ?" ಎಂದು ಕೇಳಿದಳು.

"ನಮ್ವು ಇನ್ನಾ ಸಣ್ಣವು ಕೂಸೇ. ಬರೋ ತಿಂಗ್ಳು."

ನೀಲಾ ಬೀರಣ್ಣನ ಕಾಲಿಗೆ ಬಿದ್ದಳು. "ನಿಮ್ದು?"

"ನಮ್ತಾವ ಹುಳ ಇಲ್ಲ ಮಗ, ಕುರಿ ಔವೆ. ತುಪ್ಪಟ ಕತ್ರುಸ್ವಾಗ ಬಾ, ಮರಿ ಹಿಡ್ಕಳೀವಂತೆ."

ಅಂದೇ ರಾತ್ರಿಯೂಟಕ್ಕೆ ಮೊದಲು ಆಯಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಹಾಕಿ ಎಂದಿನಂತೆ ನಾನು ಪಕ್ಕದಲ್ಲಿ ಕುಳಿತೆ. "ಮಾಮಾಗ ಬರಬ್ಯಾಡ ಅಂತ ಹೇಳು ಆಯಿ. ನಾನು ಮುಯ್ಯಾಳು ತೀರಸಬೇಕು. ಕೆಂಪಮ್ಮಾರ ಹುಳ ಬರೂ ತಿಂಗಳು, ಬೀರಣ್ಣಾರ ಕುರಿ ಆಮ್ಯಾಲ. ಅಷ್ಟರಾಗ ನಮ್ಮ ಚಿಕ್ಕತಾಯಮ್ಮಾರ ಹೊಸ ಮರಿ ಬರ್ತಾವ, ಮತ್ತ ಅವ್ರು ಬರ್ತಾರ, ಮತ್ತ ನಾ ಹೋಗಬೇಕು."

ಮುಯ್ಯಿ ಮುಯ್ಯಿಗೆ ಗಂಟು ಬಿದ್ದು ಅದು ಎಂದೂ ಮುಗಿಯುವುದಿಲ್ಲವೆಂಬುದು ಅವಳಿಗೆ ಹೊಳೆದಿರಲಿಲ್ಲ. ಹೊಲದಲ್ಲೇ ಮುದುಕಿಯಾದ ನಮ್ಮವ್ವನಿಗೆ ತಕ್ಷಣ ಹೊಳೆಯಿತು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಆದರೆ ಅದು ಅವ್ವನಿಗೆ ಕೇಳದಿರಲೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

"ಖರೇ ಐತಿ ತಂಗಿ" ಎಂದಳು ಅವ್ವ. "ಮುಯ್ಯಾಳು ಇಟ್ಕೊಂಡು ಊರು ಬಿಡಬಾರದು. ತೀರಿಸೇ ಬಾ." ಆಮೇಲೆ ದನಿ ನಗುವಂತೆ ಮಾಡಿಕೊಂಡು ಕೇಳಿದಳು, "ನಿಮ್ಮವ್ವ ಅಲ್ಲೇ ಅದಾಳೇನು? ಅಕಿನ್ನ ಕೇಳು. ಇಷ್ಟು ವರ್ಷ ಅಕಿ ಕೂಸಿನ್ನ ನಾ ನೋಡೀನಲ್ಲ, ನನ್ನ ಮುಯ್ಯಾಳು ಯಾರು ತೀರಸ್ತೀರಿ?"

ನೀಲಾ ಫೋನನ್ನು ನನ್ನತ್ತ ಚಾಚಿದಳು. ಅದನ್ನು ತೆಗೆದುಕೊಂಡು, "ದಸರಾ ಸೂಟಿಗೆ ಇಬ್ಬರೂ ಬರ್ತೀವಿ ಅವ್ವಾ" ಎಂದೆ.

"ಬರ್ರಿ" ಎಂದಳು ಅವ್ವ. "ಆದ್ರ ತಿರುಗಿ ಹೋಗೂ ಟಿಕೀಟು ಮೊದಲೇ ತಗಸ್ಕೊಂಡು ಬರಬ್ಯಾಡ್ರಿ."

ಆಗಲಿ ಎಂದೆ. ನೀಲಾ ಆಗಲೇ ಕೆಂಪು ಡಬ್ಬಿಯನ್ನು ಒರೆಸಿ, ದಸರೆಗೆ ಒಯ್ಯಬೇಕೆಂದು ನನ್ನ ಟಿಕೆಟ್ ಚೀಲದ ಪಕ್ಕದಲ್ಲಿ ಇಡುತ್ತಿದ್ದಳು.