ಮಷೀನು ನಿಲ್ಲುತ್ತಿದ್ದ ಪಾಠ

ಓದು ಮುಗಿದು ಕೆಲಸ ಸಿಗುವವರೆಗೆ ನಾನು ಶಿಕಾರಿಪುರದಲ್ಲಿ ನಸ್ರೀನ್ ಎಂಬ ಹತ್ತನೇ ತರಗತಿ ಹುಡುಗಿಗೆ ಮನೆಪಾಠ ಹೇಳುತ್ತಿದ್ದೆ. ಗಣಿತ, ವಿಜ್ಞಾನ, ಸಮಾಜ, ಎಲ್ಲಕ್ಕೂ ನಾನೊಬ್ಬನೇ ಮೇಷ್ಟ್ರು. ಅದೇ ಕೋಣೆಯಲ್ಲಿ ಅವಳ ತಾಯಿ ಬ್ಲೌಸ್ ಹೊಲಿಯುತ್ತಿದ್ದರು. ಲೆಕ್ಕ ಮಾಡಿಸುವಾಗ ಮಷೀನು ಗಡಗಡ ಓಡುತ್ತಿತ್ತು. ವಿಜ್ಞಾನ ಶುರುವಾದರೆ ನಿಂತುಬಿಡುತ್ತಿತ್ತು. ನನಗೆ ತೊಂದರೆಯಾಗಬಾರದೆಂದು ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ.

ಒಂದು ಸಂಜೆ ನಸ್ರೀನ್‌ಗೆ, "ಪಿತ್ತರಸ ಎಲ್ಲಿ ತಯಾರಾಗುತ್ತೆ?" ಎಂದು ಕೇಳಿದೆ. ಅವಳು ಪೆನ್ನಿನ ತುದಿ ಕಚ್ಚುತ್ತಾ ಕೂತಳು. ಉತ್ತರ ಮಷೀನಿನ ಹಿಂದಿನಿಂದ ಬಂತು.

"ಪಿತ್ತಕೋಶದಾಗೆ."

"ಇಲ್ಲಮ್ಮ, ಯಕೃತ್ತಿನಲ್ಲಿ. ಪಿತ್ತಕೋಶದಲ್ಲಿ ಬರೀ ಶೇಖರಣೆ," ಎಂದೆ, ದೊಡ್ಡ ಪಂಡಿತನ ಹಾಗೆ.

"ಹೋದ ವಾರ ನೀವೇ ಪಿತ್ತಕೋಶ ಅಂತ ಹೇಳಿದ್ರಲ್ರೀ ಸರ್."

ನಸ್ರೀನ್ ನಗು ತಡೆದುಕೊಂಡು ನಾನೇ ಬರೆದುಕೊಟ್ಟಿದ್ದ ನೋಟ್ಸ್ ತೆರೆದಳು. ನಿಜ, ಹಾಗೇ ಇತ್ತು. ಅದರ ಮೇಲೆ ಗೆರೆ ಎಳೆದು, "ಸರಿಹೋಯ್ತು ಬಿಡಿ," ಎಂದೆ.

"ಪುಸ್ತಕದಾಗೆ ಸರಿಹೋಯ್ತು," ಎಂದರು ಅವರು, ಯಾರದೋ ಬ್ಲೌಸಿನ ತೋಳು ಬಿಚ್ಚುತ್ತಾ. "ತಪ್ಪು ಹೊಲಿಯೋಕೆ ಒಂದು ಗಳಿಗೆ ಸಾಕು ಸರ್. ಬಿಚ್ಚೋಕೇ ಹೊತ್ತು ಹಿಡಿಯೋದು."

ಈಗ ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಪಾಠ ಮಾಡುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ತಪ್ಪು ಹಿಡಿದಿಲ್ಲ. ನಾನು ಅಷ್ಟು ಜಾಣನಾಗಿದ್ದೇನೆ ಎಂದು ನಂಬಲು ಆಸೆಯೇನೋ ಇದೆ. ಆದರೆ ನನ್ನ ಪಾಠಕ್ಕೆಂದು ಮಷೀನು ನಿಲ್ಲಿಸಿ ಕೇಳುವವರು ಇಲ್ಲಿ ಯಾರೂ ಇಲ್ಲ.