ನಾನು ತುಂಬಿಸಿದ ಅರ್ಧ ಬೀಟ್

ಹೊಸ ಆಲ್ಬಮ್‌ಗಳೆಲ್ಲ ಶುಕ್ರವಾರವೇ ಹೊರಗೆ ಬರುತ್ತವೆ ಎನ್ನುವುದು ನನಗೆ ಎಪ್ಪತ್ತು ದಾಟುವ ತನಕ ಗೊತ್ತಿರಲಿಲ್ಲ. ಥ್ರ್ಯಾಶ್ ಮೆಟಲ್ ಎನ್ನುವ ಅಬ್ಬರದ ರಾಕ್ ಸಂಗೀತದ ಹೆಸರನ್ನೂ ಕೇಳಿದವಳಲ್ಲ. ಕಾನ್ವೆಂಟಿನಲ್ಲಿ ಓದಿ, ಕಾನ್ವೆಂಟಿನಲ್ಲೇ ನಲವತ್ತು ವರ್ಷ ಪಿಯಾನೋ ಮತ್ತು ಮ್ಯೂಸಿಕ್ ಥಿಯರಿ ಕಲಿಸಿ ರಿಟೈರ್ ಆದವಳು ನಾನು. ಮದುವೆಯಾಗಲಿಲ್ಲ. ಸಂಜಯನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯ ಕೆಳಗೆ ನಾನು, ಮಹಡಿಯ ಮೇಲಿನ ಒಂದು ರೂಮಿನಲ್ಲಿ ಬಾಡಿಗೆಯವರು. ನನಗೆ ಈ ಸಂಗೀತ ಕಲಿಸಿದ್ದು ಅವರು.

ಗದಗಿನ ಕಡೆಯವರು. ನಲವತ್ತು ದಾಟಿತ್ತು, ಒಂಟಿ ಗಂಡಸು. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಟೂಲ್ ಡಿಸೈನ್ ಕೆಲಸ. ಗಿಟಾರ್ ಬಾರಿಸುತ್ತಾರೆಂದು ಮನೆಗೆ ಬಂದ ದಿನವೇ ಹೇಳಿದ್ದರು. ಆದರೆ ಹೆಡ್‌ಫೋನ್ ಹಾಕಿಕೊಂಡು ಬಾರಿಸುವುದರಿಂದ ನನಗೆ ಗಿಟಾರ್ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಅವರ ಬಲಗಾಲು. ನನ್ನ ಅಡುಗೆಮನೆಯ ತಾರಸಿಯ ಮೇಲೆ ಆ ಕಾಲು ತಾಳ ಕುಟ್ಟುವುದು. ಸೌತೆಕಾಯಿ ಹೆಚ್ಚುತ್ತಾ ನಾನು ಸುಮ್ಮನೆ ಎಣಿಸುತ್ತಿದ್ದೆ. ಈ ಹಾಳು ಅಭ್ಯಾಸ ಇಷ್ಟು ವರ್ಷವಾದರೂ ಬಿಟ್ಟಿರಲಿಲ್ಲ. ಒಂದು ದಿನ ಮೆಟ್ಟಿಲ ಬಳಿ ಸಿಕ್ಕಾಗ ಕೇಳಿಯೇಬಿಟ್ಟೆ.

"ಅಲ್ರೀ, ಐದು, ಐದು, ಏಳು ಅಂತ ಕುಟ್ತೀರಲ್ಲ, ಮನುಷ್ಯರು ಯಾರಾದ್ರೂ ಹಾಗೆ ಕುಟ್ತಾರಾ?"

ಅವರು ಕೈಯಲ್ಲಿದ್ದ ಟಿಫಿನ್ ಕ್ಯಾರಿಯರ್ ಸಮೇತ ಮೆಟ್ಟಿಲ ಮೇಲೇ ಕುಳಿತುಬಿಟ್ಟರು. "ಎಣಿಸಿದ್ರೇನ್ರಿ ಮಿಸ್? ನಮ್ಮ ಬ್ಯಾಂಡಿನಾಗ ಇನ್ನೂ ಒಬ್ಬರಿಗೂ ಅದು ಹತ್ತವಲ್ದು. ನೀವು ಮಾಳಿಗಿ ಕೆಳಗ ಕುಂತು ಹಿಡದ್ರಲ್ರಿ!"

ಆಮೇಲೆ ಪ್ರತಿ ಶುಕ್ರವಾರ ಸಂಜೆ ಒಂದು ಪುಟ್ಟ ಸ್ಪೀಕರ್ ಹಿಡಿದು ಕೆಳಗೆ ಬರುವುದು ಶುರುವಾಯಿತು. ಆ ವಾರ ಹೊರಬಂದ ಆಲ್ಬಮ್‌ಗಳಲ್ಲಿ ಅವರಿಗೆ ಒಳ್ಳೆಯದೆನಿಸಿದ್ದನ್ನು ನನಗೆ ಕೇಳಿಸುವುದು. ಮೊದಲ ಸಲ ನಾನು ಎರಡು ನಿಮಿಷಕ್ಕೇ ಕೈ ಎತ್ತಿದೆ. ಇದು ಹಾಡುವುದಲ್ಲ, ಗಂಟಲು ಹುಣ್ಣಾದವನೊಬ್ಬ ಬೀದಿಯಲ್ಲಿ ನಿಂತು ಬೈಯುವುದು ಎಂದೆ.

"ಅಂವಾ ಬೈಕೋಂತ ಇರ್ಲಿ ಬಿಡ್ರಿ ಮಿಸ್. ನೀವು ಕೆಳಗಿನ ಲೆಕ್ಕಾ ಕೇಳ್ರಿ."

ಕೇಳಿದೆ. ಒಂಬತ್ತು ನಿಮಿಷದ ಹಾಡು. ಬೈಯುವವನ ಕೆಳಗೆ ಎರಡು ಗಿಟಾರ್‌ಗಳು ಜಡೆ ಹೆಣೆದ ಹಾಗೆ ಹೋಗುತ್ತಿದ್ದವು, ತಾಳ ಮೂರು ಸಲ ಮುರಿದು ನಾಲ್ಕನೆಯ ಸಲ ಸರಿಯಾಗಿ ಮನೆಗೆ ಬಂತು. ನನ್ನ ಮೈ ಜುಮ್ಮೆಂದಿತು. ಐ ಮಸ್ಟ್ ಅಡ್ಮಿಟ್, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನಾನು ಮ್ಯೂಸಿಕ್ ಬರೆಯುವ ಗೆರೆ ಪುಸ್ತಕ ಹುಡುಕಿಕೊಂಡು ಬಂದೆ.

ಆ ಎರಡು ವರ್ಷಗಳಲ್ಲಿ ಎಷ್ಟು ಆಲ್ಬಮ್ ಕೇಳಿದೆವೋ. ಅವರು ಸುಲಭಕ್ಕೆ ಮೆಚ್ಚುವವರಲ್ಲ. "ಇತ್ತಿತ್ಲಾಗ ಬರೂವು ಎಲ್ಲಾ ಇಸ್ತ್ರಿ ಮಾಡಿದಂಗ ಅದಾವ್ರಿ. ಡ್ರಮ್ಮರ್ ಒಂದು ಕೂದಲಷ್ಟು ಹಿಂದ ಬಿದ್ರ ಕಂಪ್ಯೂಟರಿನಾಗ ಎಳದು ಸಾಲಿಗೆ ನಿಂದರಸ್ತಾರ. ಬೆರಳೇನೋ ಜೋರ್ ಓಡ್ತಾವು, ಉಸಿರ ಇಲ್ರಿ." ಅವರಿಗೆ ಬೇಕಾದದ್ದು ಬೇರೆ. "ಕೇಳಾವ ಎಡವಬೇಕ್ರಿ ಮಿಸ್. ಎಡವಿದ್ರನ ಕಾಲ ಕೆಳಗ ನೆಲಾ ಐತಿ ಅಂತ ಗೊತ್ತಾಗೂದು."

ಅವರ ಬ್ಯಾಂಡ್ ಅಭ್ಯಾಸ ಮಾಡುತ್ತಿದ್ದದ್ದು ಕೊಡಿಗೇಹಳ್ಳಿಯಲ್ಲಿ, ಡ್ರಮ್ಸ್ ಬಾರಿಸುವ ಹುಡುಗಿಯ ಮನೆಯ ಹಳೆಯ ಕೊಟ್ಟಿಗೆಯಲ್ಲಿ. ಹೊಲವಿದ್ದ ಜಾಗದಲ್ಲಿ ಈಗ ಅವರದೇ ನಾಲ್ಕು ಬಿಲ್ಡಿಂಗ್. ಕೊಟ್ಟಿಗೆಯೊಂದನ್ನು ಮಾತ್ರ ಮಗಳಿಗಾಗಿ ಉಳಿಸಿ, ಒಳಗೋಡೆಗೆ ಹಳೇ ಹಾಸಿಗೆ ಬಡಿದು ಕೊಟ್ಟಿದ್ದರು. ಒಮ್ಮೆ ನಾನು ಹೋದಾಗ ಅವಳ ತಂದೆ ಬಾಗಿಲಲ್ಲೇ ಸಿಕ್ಕಿ, "ಅಸ ಕಟ್ತಿದ್ದ ಜಾಗ ಕಣಮ್ಮಾ ಇದು. ಅವೇ ವಾಸಿ, ಇಂಗೆ ಕಿರುಚ್ತಿರ್ಲಿಲ್ಲ" ಎಂದರು. ಒಳಗಿನಿಂದ ಮಗಳು, "ಅಪ್ಪಾ, ಹಾಲು ಕೊಡಲ್ಲ ಅಷ್ಟೇ ನಾವು, ಸುಮ್ನೆ ಹೋಗು!" ಎಂದು ಕೂಗಿದಳು. ಇಪ್ಪತ್ತಾರು, ಇಪ್ಪತ್ತೇಳರ ಹುಡುಗಿ. ಡ್ರಮ್ಸ್‌ನಲ್ಲಿ ಗ್ರೇಡ್ ಪರೀಕ್ಷೆಗಳನ್ನು ಪಾಸು ಮಾಡಿದ್ದಳು, ಆ ಬ್ಯಾಂಡಿನಲ್ಲಿ ಐದು ಗೆರೆಗಳ ಮೇಲೆ ಬರೆಯುವ ಸ್ಟಾಫ್ ನೊಟೇಷನ್ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ನಮ್ಮ ಬಾಡಿಗೆಯವರನ್ನು ಅವಳು ಸರ್ ಎನ್ನುತ್ತಿದ್ದಳು.

ಐದು ಹಾಡುಗಳ ಆಲ್ಬಮ್ ಮಾಡಬೇಕೆಂಬುದು ಅವರೆಲ್ಲರ ಕನಸು. ನಾಲ್ಕು ಹಾಡಿನ ರೆಕಾರ್ಡಿಂಗ್ ಮುಗಿದಿತ್ತು. ಆಗ ಅವರ ಎಡಗೈಯ ಕಿರುಬೆರಳು ಮಾತು ಕೇಳುವುದು ನಿಲ್ಲಿಸಿತು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ನರದ ಕಾಯಿಲೆ, ಬೆರಳಿಗೆ ನಿಲ್ಲುವುದಲ್ಲ, ಉಸಿರಿನ ತನಕ ಹೋಗುತ್ತದೆ ಎಂದರು ಡಾಕ್ಟರು. ಹತ್ತು ತಿಂಗಳಲ್ಲಿ ಮೆಟ್ಟಿಲು ಹತ್ತಲಾಗದ ಸ್ಥಿತಿ ಬಂತು. ನನ್ನ ಮುಂದಿನ ಕೋಣೆಯನ್ನು ಖಾಲಿ ಮಾಡಿ ಅವರಿಗೆ ಕೊಟ್ಟೆ. ಗದಗಿನಿಂದ ಅವರ ಅಕ್ಕ ಬಂದು ಜೊತೆಗಿದ್ದರು. ನೋಡಲು ಬಂದವರೆಲ್ಲರದೂ ಅದೇ ಉಪದೇಶ: ದೇವರಿಟ್ಟ ಹಾಗೆ, ಒಪ್ಪಿಕೊಳ್ಳಬೇಕು. ಅವರೆಲ್ಲ ಹೋದ ಮೇಲೆ ಇವರು ನನಗೆ ಹೇಳುತ್ತಿದ್ದರು, "ಎಲ್ಲಾರೂ ಒಪ್ಕೊಳ್ರಿ, ಒಪ್ಕೊಳ್ರಿ ಅಂತಾರ. ನಾ ಯಾಕ ಒಪ್ಪಬೇಕ್ರಿ ಮಿಸ್?"

ಐದನೆಯ ಹಾಡು ಪೂರ್ತಿಯಾಗಿ ಅವರ ತಲೆಯಲ್ಲಿ ಮಾತ್ರ ಇತ್ತು. ಗಿಟಾರ್ ಹಿಡಿಯುವ ಹಾಗಿಲ್ಲ, ಬರೆಯಲು ಬಾರದು. "ನಾ ಬಾಯ್ಲೆ ಹೇಳ್ತೀನಿ, ನೀವು ಬರಕೋರಿ" ಎಂದರು. ಹೀಗೆ ಸುಮಾರು ಒಂದು ತಿಂಗಳು, ಮಧ್ಯಾಹ್ನದ ಊಟವಾದ ಮೇಲೆ, ಬೆತ್ತದ ಕುರ್ಚಿಯಲ್ಲಿ ಅವರು, ಪಿಯಾನೋ ಮುಂದೆ ಪೆನ್ಸಿಲ್ ಹಿಡಿದು ನಾನು. ಜುಗುಜುಗು ಜುಂ, ಜುಗುಜುಗು ಜುಂ ಎಂದು ಬಾಯಿಯಲ್ಲೇ ಗಿಟಾರ್ ಹೇಳುವರು. ಸ್ವರಕ್ಕೆ ನಾನು ಪಿಯಾನೋ ಮುಟ್ಟಿ ತೋರಿಸಿದರೆ ಹೌದು ಅಥವಾ ಅಲ್ಲ ಎಂದು ತಲೆಯಾಡಿಸುವರು. ನಡುನಡುವೆ ಉಸಿರು ಸಾಲದೆ ನಿಲ್ಲುವರು, ನೀರು ಕುಡಿಯುವರು, ಮತ್ತೆ ಶುರು.

ಹಾಡಿನ ಮುಖ್ಯ ಭಾಗ ನಾಲ್ಕು ಬಾರ್‌ಗಳದ್ದು, ಅಂದರೆ ತಾಳದ ನಾಲ್ಕು ಆವರ್ತ, ಪ್ರತಿ ಬಾರ್‌ಗೆ ನಾಲ್ಕು ಬೀಟು. ಮೂರು ಬಾರ್ ಸರಿಯಾಗಿ ಬರುತ್ತಿದ್ದವು. ನಾಲ್ಕನೆಯದು ಮೂರೂವರೆ ಬೀಟಿಗೇ ತುಂಡಾಗಿ ಮತ್ತೆ ಮೊದಲಿನದು ಶುರುವಾಗುತ್ತಿತ್ತು. ಪ್ರತಿ ಸಲವೂ ಅಲ್ಲೇ ಅವರ ಉಸಿರು ಕಡಿಯುತ್ತಿತ್ತು. ಪಾಪ, ಗಾಳಿ ಸಾಲುತ್ತಿಲ್ಲ ಅಂದುಕೊಂಡೆ. ಕೇಳುವುದು ಹೇಗೆ? ಸರ್, ಇಲ್ಲಿ ನಿಮ್ಮ ಉಸಿರು ಸಾಲದೆ ಅರ್ಧ ಬೀಟ್ ಬಿಟ್ಟುಹೋಯಿತು ಅಂತ ಆ ಮನುಷ್ಯನ ಮುಖ ನೋಡಿ ಹೇಳುವುದೇ? ಏನೂ ಹೇಳದೆ ಆ ಅರ್ಧ ಬೀಟನ್ನು ನಾನೇ ತುಂಬಿಸಿದೆ. ಚಿಕ್ಕಂದಿನಲ್ಲಿ ನಮಗೆ ಕಲಿಸಿದ ಸಿಸ್ಟರ್, ಬಾರ್ ಪೂರ್ತಿಯಾಗದಿದ್ದರೆ ಅದು ಸಂಗೀತವಲ್ಲ, ಸೋಮಾರಿತನ ಎಂದು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಥಿಯರಿ ಪೇಪರಿನಲ್ಲಿ ಕಂಪ್ಲೀಟ್ ದ ಬಾರ್ ಎನ್ನುವ ಪ್ರಶ್ನೆ ಪ್ರತಿ ವರ್ಷ ಇರುತ್ತದೆ. ಎಷ್ಟು ಮಕ್ಕಳಿಗೆ ನಾನೇ ಅದನ್ನು ಕಲಿಸಿದ್ದೇನೆ. ನನ್ನ ಪೆನ್ಸಿಲ್‌ಗೆ ಅದೊಂದು ತಪ್ಪೆಂದೇ ಅನಿಸಲಿಲ್ಲ. ಸೇವೆ ಎಂದು ಅನಿಸಿತು.

ಬರೆದು ಮುಗಿದ ದಿನ, "ಒಮ್ಮೆ ಬಾರಿಸಿ ತೋರಸ್ರಿ" ಎಂದರು. ಆ ಹೊತ್ತಿಗೆ ಅವರ ಮಾತು ಬಹಳ ಕಡಿಮೆಯಾಗಿತ್ತು. ನಾನು ಪುಟ ನೋಡಿಕೊಂಡು ಪಿಯಾನೋ ಮೇಲೆ ಬಾರಿಸಿದೆ. ನಾಲ್ಕನೆಯ ಬಾರ್ ಮುಗಿಯುವಾಗ ಕುರ್ಚಿಯ ತೋಳಿನ ಮೇಲಿದ್ದ ಅವರ ಕೈ ಒಂದಿಷ್ಟು ಎದ್ದಿತು. ಎರಡನೆಯ ಸಲ ಬಂದಾಗಲೂ ಎದ್ದಿತು. ದಣಿವಾಗಿದೆ, ಸಾಕು ಎನ್ನುತ್ತಿದ್ದಾರೆ ಎಂದುಕೊಂಡು ಪಿಯಾನೋ ಮುಚ್ಚಿ, ದಿಂಬು ಸರಿಮಾಡಿ, ಮಲಗಿಕೊಳ್ಳಿ ಎಂದೆ.

ಆಯುಧಪೂಜೆಗೆ ನಾಲ್ಕು ದಿನವಿರುವಾಗ ಅವರು ಹೋದರು.

ನನ್ನ ಪುಟಗಳನ್ನು ನೋಡಿ ಡ್ರಮ್ಸಿನ ಹುಡುಗಿ ಉಳಿದವರಿಗೆ ಹೇಳಿಕೊಟ್ಟಳು. ಬೇರೊಬ್ಬ ಗಿಟಾರಿಸ್ಟ್ ಸೇರಿದ. ಐದನೆಯ ಹಾಡಿನ ರೆಕಾರ್ಡಿಂಗ್ ಆಯಿತು, ಆಲ್ಬಮ್ ಒಂದು ಶುಕ್ರವಾರ ಇಂಟರ್ನೆಟ್‌ನಲ್ಲಿ ಹೊರಬಂತು. ನಾನು ಅವರ ಆ ಪುಟ್ಟ ಸ್ಪೀಕರಿನಲ್ಲೇ ಕೇಳಿದೆ. ಅತ್ತುಬಿಟ್ಟೆ. ನನ್ನ ಕೈ ಅದರಲ್ಲಿದೆ ಎಂದು ಸ್ವಲ್ಪ ಹೆಮ್ಮೆಯೂ ಆಯಿತು, ಬಚ್ಚಿಡುವುದೇಕೆ.

ಕೇಳಿದವರು ಎಲ್ಲೆಲ್ಲಿಂದಲೋ ಬರೆದಿದ್ದನ್ನು ಹುಡುಗಿ ನನಗೆ ಕಳಿಸುತ್ತಿದ್ದಳು. ಬಹಳ ಜನ ಕೊನೆಯ ಹಾಡಿನ ಬಗ್ಗೆಯೇ ಬರೆದಿದ್ದರು. ನಾಲ್ಕು ಹಾಡುಗಳಲ್ಲಿ ನಮ್ಮನ್ನು ಹೆಜ್ಜೆಹೆಜ್ಜೆಗೆ ಎಡವಿಸಿದವನು ಕೊನೆಯದರಲ್ಲಿ ನೇರವಾಗಿ ನಡೆದಿದ್ದಾನೆ. ಸಾಯುವ ಮುಂಚೆ ಸಾವನ್ನು ಒಪ್ಪಿಕೊಂಡಿದ್ದು ಆ ತಾಳದಲ್ಲೇ ಕೇಳಿಸುತ್ತದೆ, ಎಂಥ ಶಾಂತಿ, ಎಂದು. ಓದಿ ನನಗೂ ಸಮಾಧಾನವಾಗಿತ್ತು. ಕೊನೆಗೆ ಒಪ್ಪಿದರಲ್ಲ ಎಂದು.

ತಿಂಗಳಾದ ಮೇಲೆ ಅವಳು ಒಂದು ವಿಡಿಯೋ ಕಳಿಸಿದಳು. ಹಳೇ ಫೋನಿನಲ್ಲಿ ಸಿಕ್ಕಿತಂತೆ, ತೆಗೆದದ್ದೇ ಅವಳಿಗೆ ಮರೆತುಹೋಗಿತ್ತಂತೆ. ಕೊಟ್ಟಿಗೆಯಲ್ಲಿ ಅವರು, ಕಾಯಿಲೆ ಇನ್ನೂ ಸುಳಿಯದ ಕಾಲ, ಗುಂಡುಗುಂಡಗೆ ಇದ್ದಾರೆ. ಗಿಟಾರ್ ಹಿಡಿದು ಅದೇ ನಾಲ್ಕು ಬಾರ್ ಬಾರಿಸುತ್ತಿದ್ದಾರೆ. ನಾಲ್ಕನೆಯದು ಮೂರೂವರೆಗೆ ತುಂಡಾಗುತ್ತದೆ. ಮತ್ತೆ ಬಾರಿಸುತ್ತಾರೆ, ಮತ್ತೆ ಅಲ್ಲೇ ತುಂಡಾಗುತ್ತದೆ. ಉಸಿರಿಗೇನೂ ತೊಂದರೆಯಿಲ್ಲ, ನಗುತ್ತಾ ಕ್ಯಾಮೆರಾ ಕಡೆ ನೋಡಿ, "ಇಲ್ಲೆ ಕೆಡವೂದ ನೋಡ್ರಿ ಮಂದೀನ" ಎನ್ನುತ್ತಾರೆ.

ಫೋನನ್ನು ಮೇಜಿನ ಮೇಲೆ ಕವುಚಿಟ್ಟೆ. ಕುರ್ಚಿಯ ತೋಳಿನಿಂದ ಎದ್ದ ಆ ಕೈ ಕಣ್ಣ ಮುಂದೆ ಬಂತು. ನಿಲ್ಲಿಸಿ ಎಂದಿರಬಹುದು. ಅಲ್ಲ ಎಂದಿರಬಹುದು. ನಾನು ದಿಂಬು ಸರಿಮಾಡಿದ್ದೆ.

ಸಂಜೆ ಅವಳ ಫೋನು ಬಂತು. "ನೋಡಿದ್ರಾ ಮಿಸ್? ಎಷ್ಟ್ ಚೆನ್ನಾಗಿದಾರಲ್ವಾ ಸರ್? ಆಗ ಆ ನಾಲ್ಕು ಬಾರ್ ರಿಫ್ ಬೇರೆ ಥರ ಇತ್ತು. ಆಮೇಲೆ ಅವ್ರೇ ಸ್ಮೂತ್ ಮಾಡಿದ್ರಾ?"

"ಇರ್ಬೇಕು ಕಣೇ" ಎಂದೆ.

ಎಪ್ಪತ್ತನಾಲ್ಕು ವರ್ಷದ ಹೆಂಗಸು, ಪ್ರತಿ ವಾರ ಕ್ಲಾಸಿನಲ್ಲಿ ಮಾರಲ್ ಸೈನ್ಸ್ ಓದಿಸುತ್ತಿದ್ದವಳು, ಹಾಗೆಂದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಒಪ್ಪಲಾರೆ ಎಂದು ನನ್ನ ಮನೆಯಲ್ಲೇ ಕೂತು ಹೇಳಿದ ಮನುಷ್ಯ ಒಪ್ಪಿಕೊಂಡು ಸತ್ತ ಎಂದು ಲೋಕ ಓದುತ್ತಿತ್ತು, ಆ ಒಪ್ಪಿಗೆಯನ್ನು ಬರೆದುಕೊಟ್ಟಿದ್ದು ನಾನು. ಕೊನೆಯ ಉಸಿರಲ್ಲೂ ಅವರು ಮಂದಿಯನ್ನು ಕೆಡವಲು ನೋಡುತ್ತಿದ್ದರು. ನಾನು ಅದನ್ನು ಏದುಸಿರು ಎಂದು ತಿಳಿದೆ. ಕಾಯಿಲೆಯವರೆಂದರೆ ಅವರಿಂದ ಬರುವುದೆಲ್ಲ ಕಾಯಿಲೆಯೇ ಎಂದು ಯಾಕೆ ಅಂದುಕೊಳ್ಳುತ್ತೇವೋ.

ಒಂಬತ್ತು ದಿನ ತಡೆದೆ. ಭಾನುವಾರ ಆಟೋ ಮಾಡಿಕೊಂಡು ಕೊಡಿಗೇಹಳ್ಳಿಗೆ ಹೋದೆ. ಹುಡುಗಿ, ಹೊಸ ಗಿಟಾರಿಸ್ಟ್, ಬೇಸ್ ಬಾರಿಸುವವನು, ಮೂವರೂ ಇದ್ದರು. ಕೂರದೆ, ನಿಂತುಕೊಂಡೇ ಹೇಳಿದೆ. ಹುಡುಗಿ ಕೇಳುತ್ತಾ ಕೈಯಲ್ಲಿದ್ದ ಕಡ್ಡಿಗಳನ್ನು ಮೆಲ್ಲಗೆ ಡ್ರಮ್ ಮೇಲಿಟ್ಟಳು.

"ಕೇಳ್ಬೋದಿತ್ತಲ್ವಾ ಮಿಸ್" ಎಂದಳು. "ಪಕ್ಕದಲ್ಲೇ ಕೂತಿದ್ರಲ್ಲ ಅವ್ರು."

"ಕೇಳ್ಬೇಕಿತ್ತು ಕಣೇ" ಎಂದೆ.

ಹೊಸ ಗಿಟಾರಿಸ್ಟ್, "ಬಿಡು ಮಗಾ, ರಿಲೀಸ್ ಆಗೋಗಿದೆ. ಜನಕ್ಕೂ ಅದೇ ಪಾರ್ಟ್ ಇಷ್ಟ" ಎಂದ.

"ಜನಕ್ಕಿಷ್ಟ ಅಂತ, ಸರ್ ಹೇಳ್ದೇ ಇರೋದನ್ನ ಸರ್ ಹೇಳಿದ್ರು ಅಂತ ಬಿಡೋದಾ?" ಹುಡುಗಿ ಅವನ ಕಡೆ ತಿರುಗಿದಳು. "ಗಿಟಾರ್ ತಗೋ. ಹೊಸದಾಗಿ ರೆಕಾರ್ಡ್ ಮಾಡೋಣ."

ಶುರು ಮಾಡಿದರು. ಮೂರು ಬಾರ್ ಹೋಯಿತು. ನಾಲ್ಕನೆಯದರಲ್ಲಿ ತುಂಡಾಗಬೇಕಾದ ಕಡೆ ಅವಳ ಕಾಲು ಹಳೆಯ ಅಭ್ಯಾಸದಂತೆ ಆ ಅರ್ಧ ಬೀಟನ್ನು ತುಂಬಿಬಿಟ್ಟಿತು. ನಿಲ್ಲಿಸಿ ಮತ್ತೆ ಶುರು. ಮತ್ತೆ ತುಂಬಿತು. ಅವಳದು ಸರಿಯಾದಾಗ ಗಿಟಾರಿನವನದು ತಪ್ಪಿತು, ಅವನು ಸರಿಮಾಡಿಕೊಂಡಾಗ ಬೇಸ್ ಬಾರಿಸುವವನು ತಪ್ಪಿದ. ಏಳು ತಿಂಗಳು ಆ ಪುಟಗಳನ್ನು ಕೈಗೆ ಇಳಿಸಿಕೊಂಡಿದ್ದರು. ಒಂದು ಮಧ್ಯಾಹ್ನಕ್ಕೆ ಅಳಿಸಿಹೋಗುವುದೇ? "ತಲೆಗ್ ಗೊತ್ತು, ಕೈ ಕೇಳ್ತಿಲ್ಲ" ಎಂದು ಅವಳು ತೊಡೆಗೆ ಹೊಡೆದುಕೊಂಡಳು. ನಾಲ್ಕೂ ಬಾರ್ ಸರಿಯಾಗಿ ಬಂದದ್ದು ಒಂದೇ ಒಂದು ಸಲ. ಆಗ ಮೂವರೂ ಮುಗ್ಗರಿಸಿದವರ ಹಾಗೆ ಒಬ್ಬರನ್ನೊಬ್ಬರು ನೋಡಿದರು, ಮುಂದಿನ ಸುತ್ತಿಗೆ ಮತ್ತೆ ನನ್ನ ತಾಳವೇ ಬಂತು.

ನಾನು ಬ್ಯಾಗ್ ತೆಗೆದುಕೊಂಡೆ. ನನ್ನನ್ನು ನೋಡುವುದೇ ಅವಳಿಗೆ ಕಷ್ಟವಾಗುತ್ತಿದೆ ಎನಿಸಿತ್ತು.

"ಎಲ್ಲಿಗ್ ಹೋಗ್ತೀರಾ?" ಎಂದಳು. "ಕೌಂಟ್ ಮಾಡಿ ಮಿಸ್. ನಾಲ್ಕನೇ ಬಾರ್ ಮೂರೂವರೆಗೆ ಕಟ್ ಮಾಡಿ. ನಮಗ್ ಬರೋವರ್ಗೂ ಮಾಡಿ. ನನ್ನ ಮುಖ ಮಾತ್ರ ನೋಡ್ಬೇಡಿ."

ನಾನು ಗೋಡೆಯ ಕಡೆ ತಿರುಗಿ ನಿಂತು ಎಣಿಸತೊಡಗಿದೆ.